ಕರುವಿಗೆ ಗಿಣ್ಣದ ಹಾಲು, ಕೂಸಿಗೆ ಸಕ್ಕರಿ ನೀರು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಕಡೆನರ ನೋಡ್ರಿ, ಎಮ್ಮಿ ಈದ ಕೂಡಲೆ ಮೊದಲು ಕರುವಿಗೆ ಗಿಣ್ಣದ ಹಾಲು ಕುಡಸ್ತೀವಿ. ಅದು ಹೊಟ್ಟಿಗೆ ಹೋಗದಿದ್ರ ಕರು ಬದುಕೂದು ಕಷ್ಟ ಅಂತ ನಮಗ ಯಾರೂ ಕಲಿಸಬೇಕಾಗಿಲ್ಲ. ಉಳಿದದ್ದಕ್ಕ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚ್ತೀವಿ.

ಆದ್ರ ಮಗಳು ಹಡದಾಗ ಆ ಬುದ್ಧಿ ಎಲ್ಲಿ ಹೋಗತೈತಿ? ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನತುಪ್ಪ, ಸಕ್ಕರಿ ನೀರು ಹಾಕೋರು ಇನ್ನೂ ಅದಾರ.

ಆ ಹಳದಿ ಹಾಲಿನಾಗ ರೋಗ ತಡಿಯೂ ಶಕ್ತಿ ತುಂಬೇತಿ. ಕೂಸಿನ ಹೊಟ್ಟ್ಯಾಗಿನ ಕರಿ ಮಲ ಹೊರಗ ಹೋಗಾಕೂ ಅದು ಬೇಕು. ಬರೂದು ಕೆಲವೇ ಚಮಚೆ ಖರೆ, ಆದ್ರ ಒಂದು ದಿನದ ಕೂಸಿನ ಹೊಟ್ಟಿ ಎಷ್ಟರ ಇರತೈತಿ? "ಹಾಲು ಬಂದಿಲ್ಲ" ಅಂತ ಗಾಬರಿಯಾಗಿ ಡಬ್ಬಿ ಹಾಲು ತರಸಬ್ಯಾಡ್ರಿ. ಹುಟ್ಟಿದ ಒಂದು ತಾಸಿನೊಳಗ ಎದಿಗೆ ಹಚ್ಚರಿ. ಆಪರೇಶನ್ ಆಗಿದ್ರೂ ಆದಷ್ಟು ಲಗೂನ ಹಚ್ಚರಿ. ಕೂಸು ಚೀಪಿದಂಗ ಹಾಲು ಇಳೀತೈತಿ. 6 ತಿಂಗಳ ತನಕ ನೀರು ಸೈತ ಬ್ಯಾಡ. ಜೇನತುಪ್ಪಂತೂ ವರ್ಷ ತುಂಬೂ ತನಕ ಬ್ಯಾಡ. ಅದರಾಗ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳಿ ಕೂಸಿನ ಜೀವಕ್ಕ ಅಪಾಯ.

ಹಡದಾಕಿ ದಣದಿರ್ತಾಳ, ಹಿರ್ಯಾರಿಗೆ ಎದುರು ಮಾತಾಡೂದಿಲ್ಲ. ಅದಕ್ಕ ಈ ರೂಢಿ ಬಿಡಬೇಕಾದವರು ಬಾಣಂತನ ಮಾಡೂ ಅವ್ವ, ಅತ್ತಿ, ಅಜ್ಜಿ, ಅಂದ್ರ ನಾವ. ಕರುವಿನ ಪಾಲು ಕರುವಿಗೆ ಬಿಡೂ ಕೈಲೆ ಮೊಮ್ಮಕ್ಕಳ ಪಾಲು ಚೆಲ್ಲಬಾರದ್ರಿ.