ಆರತಕ್ಷತೆಯಲ್ಲಿ ಕೇಳಿದ ಹಾಡು

ಮೊನ್ನೆ ಸಂಜೆ ಸಂಪಿಗೆ ರಸ್ತೆಯ ಕಲ್ಯಾಣಮಂಟಪವೊಂದರಲ್ಲಿ ಆಪ್ತರ ಮಗಳ ಆರತಕ್ಷತೆ. ಧಾರೆ ಮರುದಿನ ಬೆಳಗ್ಗೆ. ವಧೂವರರನ್ನು ಹರಸಿ, ಛಾಯಾಚಿತ್ರಕ್ಕೆ ನಿಂತು, ಎಲೆ ಹಾಕುವವರೆಗೆ ಸುಗಮ ಸಂಗೀತ ಕೇಳುತ್ತ ಕುಳಿತೆವು. ಗಾಯಕನ ಕಂಠವೇನೋ ಇಂಪಾಗಿತ್ತು. “ಈಗ ನವದಂಪತಿಗಳಿಗಾಗಿ ಒಂದು ಪ್ರೇಮಗೀತೆ” ಎಂದು ಸಾರಿ ಆತ ಬೇಂದ್ರೆಯವರ ಆ ಪ್ರಸಿದ್ಧ ಹಾಡನ್ನೆತ್ತಿಕೊಂಡ. ತನ್ನತ್ತ ಹಾಗೆ ದೃಷ್ಟಿಯಿಡಬೇಡವೆಂದು ಗಂಡನು ಹೆಂಡತಿಯನ್ನು ಬೇಡಿಕೊಳ್ಳುವ ಹಾಡು. ವರನ ಗೆಳೆಯರು ತಾಳ ಹಾಕಿದರು. ವರ ವಧುವನ್ನು ನೋಡಿ ನಕ್ಕ; ಆಕೆ ತಲೆ ತಗ್ಗಿಸಿದಳು.

“ಏಕ್ರೀ, ಮುಖ ಹೀಗೆ ಮಾಡಿಕೊಂಡಿರಿ?” ಎಂದಳು ನನ್ನಾಕೆ. ಮೇಷ್ಟರಿಗೆ ಪಾಯಸಕ್ಕಿಂತ ಪ್ರಶ್ನೆ ಪ್ರಿಯ. ಆದರೆ ಅಲ್ಲಿ ಉತ್ತರ ಹೇಳುವಂತಿರಲಿಲ್ಲ. ಊಟ ಮುಗಿಸಿ, ಎಂಟನೆಯ ಅಡ್ಡರಸ್ತೆಯ ಹೂವಿನಂಗಡಿಗಳ ಕಡೆಗೆ ನಡೆಯುವಾಗ ಹೇಳಿದೆ.

1938ರ ‘ನಾದಲೀಲೆ’ಯಲ್ಲಿರುವ ಈ ಗೀತೆ ಕಣ್ಣೋಟದ ಸರಸದಲ್ಲಿ ಹುಟ್ಟಿದ್ದಲ್ಲ. ಅಲ್ಲಿ ಮಲಗಿರುವುದು ಸಾವಿನಂಚಿನ ಕೂಸು. ತಾಯಿ ಅಳುತ್ತಿಲ್ಲ, ದೂರುತ್ತಿಲ್ಲ. ಗಂಡನ ಮುಖವನ್ನೇ ದಿಟ್ಟಿಸುತ್ತಿದ್ದಾಳೆ. ಆ ನೋಟವನ್ನು ತಾಳಲಾರದ ತಂದೆಯ ಮಾತು ಇದು. ಬೇಂದ್ರೆಯವರೂ ಅವರ ಪತ್ನಿ ಲಕ್ಷ್ಮೀಬಾಯಿಯವರೂ ಹಲವು ಮಕ್ಕಳನ್ನು ಕಳೆದುಕೊಂಡವರು. ‘ನರಬಲಿ’ ಕವನಕ್ಕಾಗಿ ಕವಿಗೆ ಸೆರೆವಾಸ, ಆಮೇಲೆ ವರ್ಷಗಟ್ಟಲೆ ನೌಕರಿಯಿಲ್ಲದ ಬಾಳು. 1937ರ ‘ಸಖೀಗೀತ’ದಲ್ಲಿ ಈ ಸಂಸಾರದ ಏಳುಬೀಳುಗಳನ್ನೆಲ್ಲ ಅವರು ಹೆಂಡತಿಯ ಮುಂದೆಯೇ ತೆರೆದಿಟ್ಟಿದ್ದರು.

“ಹಾಗಾದರೆ ಶೋಕಗೀತೆ ಅನ್ನಿ. ಪ್ರೇಮಗೀತೆ ಎಂದದ್ದು ಆ ಹುಡುಗನ ತಪ್ಪು.”

ತರಗತಿಯಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಅಷ್ಟು ಧೈರ್ಯ ಸಾಲದು. ದುಃಖದ ನಡುವೆ ಆ ಗಂಡನಿಗೆ ನೆನಪಾಗುವುದು ಮದುವೆಯ ದಿನ. ಧಾರೆಯ ನೀರು ಬಿದ್ದ ಕೈಯನ್ನು ತಂಪೆಂದು ನಂಬಿ ಹಿಡಿದವಳು ಆಕೆ. ಒಳಗೆ ಕಿಚ್ಚಿದೆಯೆಂದು ಅರಿತ ಮೇಲೂ ಹಿಡಿತ ಸಡಿಲಿಸಿಲ್ಲ. ನಂಬಿಸಿ ಸುಟ್ಟೆನೆಂಬ ತಪ್ಪೊಪ್ಪಿಗೆ, ಸುಟ್ಟರೂ ನೀನು ಬಿಡಲಿಲ್ಲವೆಂಬ ಉಪಕಾರಸ್ಮರಣೆ, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೇರ್ಪಡಿಸಲು ಹೋದರೆ ಹಾಡು ಹರಿಯುತ್ತದೆ. ಗಂಡನನ್ನು ದೇವರೆನ್ನುವ ಗಾದೆಯನ್ನು ನಂಬಿಬಿಟ್ಟೆಯಾ ಎಂದೂ ಆತ ಕೇಳುತ್ತಾನೆ. ತಾನು ದೇವರಲ್ಲವೆಂದು ಹೆಂಡತಿಯೆದುರು ಒಪ್ಪಿಕೊಳ್ಳುವ ಗಂಡಸರು ನಮ್ಮ ಕಾವ್ಯದಲ್ಲೂ ಕಡಮೆ, ಬಡಾವಣೆಯಲ್ಲೂ ಕಡಮೆ.

ಕ್ಷಮೆ, ಕೃತಜ್ಞತೆ ಎಂಬ ಮಾತುಗಳು ಹಾಡಿನಲ್ಲಿ ಎಲ್ಲಿಯೂ ಇಲ್ಲ. ನಮ್ಮ ಮನೆಗಳಲ್ಲಿ ಗಂಡಹೆಂಡಿರು ಅವನ್ನು ಆಡುವ ವಾಡಿಕೆಯೂ ಇಲ್ಲ. ಬಸ್ಸಿನಲ್ಲಿ ಜಾಗ ಬಿಟ್ಟವರಿಗೆ ಥ್ಯಾಂಕ್ಸ್ ಅನ್ನುತ್ತೇವೆ, ಕಾಲು ತುಳಿದವರಿಗೆ ಸಾರಿ. ಕೃತಜ್ಞನೆಂದರೆ ಮಾಡಿದ್ದನ್ನು ಅರಿತವನು ಎಂದಷ್ಟೇ ಅರ್ಥ. ಆ ಗಂಡ ಅರಿತಿದ್ದಾನೆ. ಇನ್ನೊಂದು ಸೂಕ್ಷ್ಮವುಂಟು. ತಪ್ಪು ಒಪ್ಪಿಕೊಂಡವನು ಸಾಮಾನ್ಯವಾಗಿ ಬೇಗನೆ ಒಂದು ನಗು ಬಯಸುತ್ತಾನೆ, ತನ್ನ ಸಮಾಧಾನಕ್ಕಾಗಿ. ಈತ ಬೇಡುವುದು ಅದಕ್ಕೆ ವಿರುದ್ಧ. ನಗುವಿನಲ್ಲಿ ನೋವನ್ನು ಮುಚ್ಚಬೇಡ, ಅಳು ಬಂದರೆ ಅತ್ತುಬಿಡು ಎನ್ನುತ್ತಾನೆ. ತನ್ನನ್ನು ಕ್ಷಮಿಸುವ ಹೊರೆಯನ್ನೂ ಅವಳ ಮೇಲೆ ಹೊರಿಸುವುದಿಲ್ಲ. ಇದು ಪ್ರೇಮಗೀತೆಯಲ್ಲದೆ ಮತ್ತೇನು? ಗಾಯಕ ಅರ್ಥ ತಿಳಿಯದೆಯೇ ಸರಿಯಾದ ಹೆಸರಿಟ್ಟಿದ್ದ. ತಾಳ ಮಾತ್ರ ತಪ್ಪು.

ನನ್ನಾಕೆ ಎರಡು ಮೊಳ ಮಲ್ಲಿಗೆ ಕೊಂಡಳು. ಸ್ವಲ್ಪ ದೂರ ಮಾತಿಲ್ಲದೆ ನಡೆದು, “ಪುಟ್ಟನಿಗೆ ಜ್ವರ ಏರಿದ ರಾತ್ರಿ ನೀವು ಮೌಲ್ಯಮಾಪನ ಮುಗಿಸಿ ಹತ್ತು ಗಂಟೆಗೆ ಬಂದಿರಲ್ಲ, ಆಗ ನಾನೂ ಹಾಗೆಯೇ ನೋಡಿದೆನೇನೋ” ಎಂದಳು.

ನೋಡಿದ್ದಳು. ನನಗೆ ಚೆನ್ನಾಗಿ ನೆನಪಿದೆ.

“ನಾನೇನು ಹೇಳಿದೆ?” ಎಂದೆ.

“ಸಾರು ಆರಿಹೋಗಿದೆ ಅಂದಿರಿ.”