ಕೊಬ್ಬರಿ ಅಟ್ಟದ ಮೇಲೆ ಕಾಯುತ್ತೆ... ಮಕ್ಕಳು?

ಕೊರೊನಾ ಮುಗಿದು ಎಷ್ಟೋ ಕಾಲ ಆಯ್ತು, ಈಗ ಯಾಕಪ್ಪ ಅದರ ಮಾತು ಅಂತ ನೀವು ಕೇಳಬಹುದು. ಕೇಳೋದು ನ್ಯಾಯವೇ. ಮಾಸ್ಕು, ಸ್ಯಾನಿಟೈಸರು, ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ರೌಂಡುಗಳು ಎಲ್ಲಾ ಮರೆತೇ ಹೋಗಿವೆ. ಆದರೆ ಒಂದು ಲೆಕ್ಕ ಇನ್ನೂ ಬಾಕಿ ಇದೆ ಅಂತ ನನಗೆ ಊರಿಗೆ ಹೋದಾಗಲೆಲ್ಲ ಅನ್ನಿಸುತ್ತೆ. ಸತ್ತವರ ಲೆಕ್ಕ ಸರ್ಕಾರ ಇಟ್ಟಿತು, ಲಸಿಕೆ ಲೆಕ್ಕ ಇಟ್ಟಿತು, ಜಿಎಸ್‌ಟಿ ಲೆಕ್ಕ ಅಂತೂ ಇಟ್ಟೇ ಇಟ್ಟಿತು. ಶಾಲೆ, ಪೇಟೆ ಎರಡೂ ಒಟ್ಟಿಗೆ ಮುಚ್ಚಿದಾಗ ಒಂದೊಂದು ಮನೆಯೊಳಗೆ ಏನಾಯ್ತು ಅನ್ನೋ ಲೆಕ್ಕವನ್ನ ಯಾರಿಟ್ಟರು?

ನಮ್ಮದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ. ಎತ್ತ ನೋಡಿದರೂ ತೆಂಗು. ಹೊರಗಿನವರಿಗೆ ತೆಂಗಿನ ಸೀಮೆ ಅಂದರೆ ತೋಟದ ಯಜಮಾನರೇ ಕಾಣೋದು. ಆದರೆ ಒಂದು ಗಿಟುಕು ಕೊಬ್ಬರಿ ತಿಪಟೂರಿನ ಮಂಡಿಗೆ ಬರೋದರೊಳಗೆ ಎಷ್ಟು ಕೈ ದಾಟುತ್ತೆ ನೋಡಿ. ಮರ ಹತ್ತಿ ಕಾಯಿ ಕೆಡವೋರು, ಆಯ್ದು ಗುಡ್ಡೆ ಹಾಕೋರು, ಅಟ್ಟಕ್ಕೆ ಏರಿಸೋರು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು ಒಳಗಿನ ನೀರು ಇಂಗಿದ ಮೇಲೆ ಸಿಪ್ಪೆ ಸುಲಿಯೋರು, ಕರಟ ಒಡೆದು ಗಿಟುಕು ತೆಗೆಯೋರು, ಚೀಲಕ್ಕೆ ತುಂಬೋರು, ಹಮಾಲರು, ಲಾರಿಯೋರು. ಇದಲ್ಲದೆ ಕಾಯಿ ಪೌಡರ್ ಫ್ಯಾಕ್ಟರಿ, ನಾರಿನ ಫ್ಯಾಕ್ಟರಿ ಕೆಲಸ ಬೇರೆ. ಇದರಲ್ಲಿ ಮುಕ್ಕಾಲು ಪಾಲು ದಿನಗೂಲಿ. ಗಿಟುಕು ತೆಗೆಯೋದು, ಪೌಡರ್ ಫ್ಯಾಕ್ಟರಿಯಲ್ಲಿ ಕಾಯಿ ಹೆರೆಯೋದು ಬಹುಪಾಲು ಹೆಂಗಸರೇ.

ಆ ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ಹೋಗೋದು ಹೇಗೆ ಸಾಧ್ಯ ಆಗಿತ್ತು ಅಂತ ಒಮ್ಮೆ ಯೋಚನೆ ಮಾಡಿ. ಮಕ್ಕಳು ಶಾಲೆಯಲ್ಲಿ ಇರುತ್ತಿದ್ದವು, ಅಷ್ಟೇ! ಶಾಲೆಯಲ್ಲಿ ಅಕ್ಷರ ದಾಸೋಹದ ಬಿಸಿಯೂಟ. 2013ರಿಂದ ಕ್ಷೀರ ಭಾಗ್ಯದ ಹಾಲು. ಸಂಜೆ ನಾಲ್ಕೂವರೆ ತನಕ ಮಕ್ಕಳ ಚಿಂತೆ ಇಲ್ಲ. ಬೆಂಗಳೂರಲ್ಲಿ ಕೂತವರಿಗೆ ಶಾಲೆ ಅಂದರೆ ಪಾಠ. ನಮ್ಮ ಕಡೆ ಶಾಲೆ ಅಂದರೆ ಪಾಠ, ಊಟ, ಜೊತೆಗೆ ತಾಯಿಯ ದಿನಗೂಲಿ. ಮೂರೂ ಒಂದೇ ಬಾಗಿಲ ಹಿಂದೆ ಇದ್ದವು. ಬಾಗಿಲು ಹಾಕಿದಾಗ ಮೂರೂ ಒಟ್ಟಿಗೆ ಹೋದವು.

2020ರ ಮಾರ್ಚ್ ಮಧ್ಯದಲ್ಲಿ ರಾಜ್ಯ ಸರ್ಕಾರ ಎಲ್ಲವನ್ನೂ ಮುಚ್ಚಿ ಅಂದಾಗ ಹೇಳಿದ್ದು ಒಂದು ವಾರ. ಮಾರ್ಚ್ 25ರಿಂದ ದೇಶವೇ ಬಂದ್, 21 ದಿನ. ಆಮೇಲೆ ಅದು ಬೆಳೆಯುತ್ತಾ ಹೋಯ್ತು. ಬೆಂಗಳೂರಲ್ಲಿ ಹೋಟೆಲ್, ಗಾರ್ಮೆಂಟ್ಸ್, ಸೆಕ್ಯೂರಿಟಿ ಕೆಲಸದಲ್ಲಿದ್ದ ನಮ್ಮ ಕಡೆಯ ಹುಡುಗರೆಲ್ಲ ಊರಿಗೆ ವಾಪಸ್ ಬಂದರು. ನಾಲ್ಕು ಜನ ಇದ್ದ ಮನೆಯಲ್ಲಿ ಏಳೆಂಟು ಜನ, ದುಡಿಮೆ ಸೊನ್ನೆ. ವ್ಯವಸಾಯಕ್ಕೆ ವಿನಾಯಿತಿ ಏನೋ ಇತ್ತು. ಆದರೆ ನಮ್ಮ ಉಂಡೆ ಕೊಬ್ಬರಿಯನ್ನ ತಿನ್ನೋರು ಉತ್ತರ ಭಾರತದೋರು. ಅಲ್ಲಿಯ ಪೇಟೆ, ಮದುವೆ, ಹಬ್ಬ ಎಲ್ಲಾ ನಿಂತ ಮೇಲೆ ಇಲ್ಲಿ ವ್ಯವಸಾಯಕ್ಕೆ ವಿನಾಯಿತಿ ಕೊಟ್ಟು ಏನು ಬಂತು? ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 10,300 ರೂಪಾಯಿ. ಬೆಲೆ ಕಾಗದದ ಮೇಲೆ ಇದ್ದರೆ ಸಾಲದು, ಕೊಳ್ಳೋನು ಬರಬೇಕಲ್ಲ!

ತೋಟ ಇದ್ದವರು ಒಂದು ರೀತಿ ಬಚಾವ್. ಕಾಯಿ ಅಟ್ಟದ ಮೇಲೆ ಇನ್ನೆರಡು ತಿಂಗಳು ಕೂತರೆ ಕೆಡಲ್ಲ. ನಮ್ಮ ಮನೆಯಲ್ಲೂ ಹಾಗೇ ಕೂತಿತ್ತು. ಆದರೆ ಅದನ್ನ ಸುಲಿದು ಹೊಟ್ಟೆ ಹೊರೆಯೋರ ಕೂಲಿ ಅಟ್ಟದ ಮೇಲೆ ಕೂರಲ್ಲ. ಮಗುವಿನ ಒಂದನೇ ಕ್ಲಾಸು ಅಂತೂ ಕೂರೋದೇ ಇಲ್ಲ. ಇಡೀ ಮುಚ್ಚುವಿಕೆಯ ಕಥೆ ನನಗೆ ಇಷ್ಟರಲ್ಲೇ ಕಾಣುತ್ತೆ. ಕಾಯಬಲ್ಲವರು ಕಾದರು, ಕಾಯಲಾಗದವರು ಕಳೆದುಕೊಂಡರು.

ಆಗ ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಸಿಗ್ನಲ್ ಸಿಗದಿದ್ದರೆ ಲ್ಯಾಪ್‌ಟಾಪ್ ತಗೊಂಡು ಕೆರೆ ಏರಿ ಮೇಲೆ ಹೋಗಿ ಕೂರುತ್ತಿದ್ದೆ. ಸಂಬಳ ಮಾತ್ರ ಒಂದನೇ ತಾರೀಖು ತಪ್ಪದೆ ಬರ್ತಿತ್ತು. ನಮ್ಮ ಬೀದಿಯಲ್ಲೇ ಪೌಡರ್ ಫ್ಯಾಕ್ಟರಿಗೆ ಹೋಗುತ್ತಿದ್ದ ಒಬ್ಬ ಅಕ್ಕ ಇದ್ದಾರೆ. ಮೂರು ಮಕ್ಕಳು. ದೊಡ್ಡ ಹುಡುಗಿ ಆಗ ಏಳನೇ ಕ್ಲಾಸು, ಚಿಕ್ಕವನು ಒಂದನೇ ಕ್ಲಾಸು. ಫ್ಯಾಕ್ಟರಿ ಮತ್ತೆ ಶುರುವಾದಾಗ "ಮಕ್ಕಳನ್ನ ಏನ್ ಮಾಡ್ತೀರಕ್ಕಾ?" ಅಂತ ಕೇಳಿದ್ದೆ. "ಯಾರ್ ತಾವ ಬಿಡನ ಕಣಪ್ಪ, ದೊಡ್ಡವಳು ಅವಳಲ್ಲ, ನೋಡ್ಕತಾಳೆ" ಅಂದರು. ಹನ್ನೆರಡು ವರ್ಷದ ಹುಡುಗಿ ಒಂದೂವರೆ ವರ್ಷ ಆ ಮನೆಯ ತಾಯಿ ಆದಳು. ಅಡುಗೆ, ನೀರು, ದನ, ತಮ್ಮಂದಿರು. ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದು ಕಾಯಿ ಕೆಡವೋಕೆ ಹೋಗುವ ಅವರ ಯಜಮಾನರ ಜೇಬಲ್ಲಿ. ಮೇಷ್ಟ್ರು ಬೆಳಿಗ್ಗೆ ಕಳಿಸಿದ ಪಾಠ ರಾತ್ರಿ ಎಂಟಕ್ಕೆ ಮನೆಗೆ ಬರ್ತಿತ್ತು, ಡಾಟಾ ಉಳಿದಿದ್ದರೆ!

ಅದೇ ಹೊತ್ತಿಗೆ ಬೆಂಗಳೂರಲ್ಲಿ ದೊಡ್ಡ ಚರ್ಚೆ. ಐದನೇ ಕ್ಲಾಸಿನ ತನಕ ಆನ್‌ಲೈನ್ ಪಾಠ ಬೇಡ ಅಂತ 2020ರ ಜೂನ್‌ನಲ್ಲಿ ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಟೀವಿಯಲ್ಲಿ ದಿನಾ ಅದೇ. ಮಕ್ಕಳು ಎಷ್ಟು ಗಂಟೆ ಸ್ಕ್ರೀನ್ ನೋಡಬಹುದು ಅಂತ ವಾದ. ನಮ್ಮೂರಿನ ಮಕ್ಕಳು ಆ ಚರ್ಚೆಯ ಒಳಗೇ ಇರಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಅಂತ ನಾನು ಹೇಳಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ನನ್ನ ಪ್ರಕಾರ ಆ ಎರಡು ವರ್ಷದಲ್ಲಿ ಬಂದ ಅತ್ಯಂತ ಒಳ್ಳೆಯ ಐಡಿಯಾ. ಮೇಷ್ಟ್ರೇ ಊರಿಗೆ ಬಂದು ದೇವಸ್ಥಾನದ ಜಗಲಿ, ಮರದ ನೆರಳು, ಎಲ್ಲಿ ಜಾಗ ಇದೆಯೋ ಅಲ್ಲಿ ಪಾಠ ಮಾಡೋದು. ಕೆಲವು ಕಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂತು ಅಂತ ಅಕ್ಟೋಬರ್‌ನಲ್ಲಿ ಅದನ್ನ ಇಡೀ ರಾಜ್ಯದಲ್ಲಿ ನಿಲ್ಲಿಸಿಬಿಟ್ಟರು. ಒಂದು ಕಡೆ ಸೋರಿದರೆ ಊರಿನ ಎಲ್ಲಾ ನಲ್ಲಿ ಬಂದ್ ಮಾಡಿದ ಹಾಗೆ.

ಈಗ ತೆರೆದ ಕ್ರಮ ನೋಡಿ. ನನ್ನ ನಿಜವಾದ ತಕರಾರು ಇರೋದು ಇಲ್ಲೇ.

ಮದ್ಯದಂಗಡಿ ತೆರೆದದ್ದು 2020ರ ಮೇ 4. ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ. ಸುಮಾರು ಎಂಟು ಲಕ್ಷ ಮಕ್ಕಳು ಶಾಲೆ ಕೊಠಡಿಯಲ್ಲೇ ಕೂತು ಬರೆದರು. ಅಕ್ಟೋಬರ್ 15ರಿಂದ ಸಿನಿಮಾ ಥಿಯೇಟರಿಗೆ ಅನುಮತಿ. ನವೆಂಬರ್ 3ಕ್ಕೆ ನಮ್ಮ ಪಕ್ಕದ ಶಿರಾದಲ್ಲಿ ಉಪಚುನಾವಣೆ. ಯಾವ ಪಕ್ಷದ ಪ್ರಚಾರಕ್ಕೂ ಜನ ಕಮ್ಮಿ ಇರಲಿಲ್ಲ. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯ್ತಿ ಚುನಾವಣೆ. ಹಳ್ಳಿಗಳಲ್ಲಿ ಓಟು ಹಾಕೋದು ಎಲ್ಲಿ ಹೇಳಿ? ಶಾಲೆಯಲ್ಲಿ! ಊರಿನ ದೊಡ್ಡವರೆಲ್ಲ ಸಾಲು ನಿಂತು ಒಳಗೆ ಹೋಗಿ ಬಂದ ಅದೇ ಕೊಠಡಿಗೆ ಒಂದನೇ ಕ್ಲಾಸಿನ ಮಗು ಕಾಲಿಡಲು ಇನ್ನೂ ಹತ್ತು ತಿಂಗಳು ಬೇಕಾಯ್ತು. ಒಂದರಿಂದ ಐದನೇ ಕ್ಲಾಸಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದು ವಾರ ಅಂತ ಮುಚ್ಚಿದ್ದು, ಹತ್ತೊಂಬತ್ತು ತಿಂಗಳು. 2020ರ ಮಾರ್ಚಲ್ಲಿ ಒಂದನೇ ಕ್ಲಾಸಲ್ಲಿದ್ದ ಮಗು ಮತ್ತೆ ಶಾಲೆ ಮೆಟ್ಟಿಲು ಹತ್ತಿದಾಗ ಮೂರನೇ ಕ್ಲಾಸು!

ಮುಚ್ಚಿದ್ದೇ ತಪ್ಪು ಅಂತ ವಾದ ಮಾಡೋರೂ ಇದ್ದಾರೆ. ನಾನು ಆ ಗುಂಪಲ್ಲ. 2021ರ ಏಪ್ರಿಲ್, ಮೇ ತಿಂಗಳು ನೋಡಿದವರು ಯಾರೂ ಹಾಗೆ ಹೇಳಲಾರರು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತದ್ದು ಆಗಲೇ. ಅಲ್ಲದೆ ನಮ್ಮ ಸೀಮೆಗೆ ಊರು ಮುಚ್ಚೋದು ಹೊಸದೂ ಅಲ್ಲ. ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದರೆ ಸಾಕು, ಊರಿಗೆ ಊರೇ ಖಾಲಿ ಮಾಡಿ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ನಡೆಯೋದು ಇದೇ ತಿಪಟೂರು, ಚನ್ನರಾಯಪಟ್ಟಣ ಸೀಮೆಯಲ್ಲಿ. ಅದನ್ನ ಓದಿದವರಿಗೆ ಪ್ಲೇಗ್ ಒಂದು ಮನೆಯನ್ನ ಏನು ಮಾಡುತ್ತೆ ಅಂತ ಹೇಳಬೇಕಿಲ್ಲ. ಹಾಗಾಗಿ ರೋಗಕ್ಕೆ ಹೆದರಿ ಬಾಗಿಲು ಹಾಕೋದು ನಮ್ಮ ಹಿರಿಯರಿಗೆ ಚೆನ್ನಾಗೇ ಗೊತ್ತಿತ್ತು. ಆದರೆ ಆಗ ಎಲ್ಲರೂ ಒಟ್ಟಿಗೆ ಹೊರಗೆ ಹೋಗುತ್ತಿದ್ದರು, ರೋಗ ಇಳಿದ ಮೇಲೆ ಒಟ್ಟಿಗೆ ಒಳಗೆ ಬರುತ್ತಿದ್ದರು. 2020ರಲ್ಲಿ ನಾವು ಒಟ್ಟಿಗೆ ಬಾಗಿಲು ಹಾಕಿದೆವು. ದೊಡ್ಡವರು ಒಬ್ಬೊಬ್ಬರಾಗಿ ಹೊರಗೆ ಬಂದೆವು, ಮಕ್ಕಳನ್ನ ಒಳಗೇ ಬಿಟ್ಟುಬಿಟ್ಟೆವು. ಮಕ್ಕಳಿಗೆ ಓಟಿಲ್ಲ, ಮಕ್ಕಳಿಂದ ಅಬಕಾರಿ ತೆರಿಗೆಯೂ ಬರಲ್ಲ.

ಪರಿಣಾಮ ಏನಾಯ್ತು ಅನ್ನೋದಕ್ಕೆ ಅಂಕಿ ಅಂಶ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಯ 16,067 ಮಕ್ಕಳನ್ನ ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕೌಶಲಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ. 92, ಲೆಕ್ಕದಲ್ಲಿ ಶೇ. 82. ಗಮನಿಸಿ, ಇದು ಹೊಸದು ಕಲಿಯದೆ ಇದ್ದದ್ದಲ್ಲ, ಕಲಿತದ್ದೇ ಮರೆತದ್ದು. ಅಸರ್ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ಶೇ. 19ರ ಆಸುಪಾಸು ಇದ್ದರು. ಮೊದಲೇ ಕಮ್ಮಿ, 2022ರಲ್ಲಿ ಅದು ಶೇ. 9ಕ್ಕಿಂತಲೂ ಕೆಳಗೆ. 2022-23ರಲ್ಲಿ 'ಕಲಿಕಾ ಚೇತರಿಕೆ' ಅಂತ ಒಂದು ವರ್ಷದ ಕಾರ್ಯಕ್ರಮ ಮಾಡಿದರು, ಒಳ್ಳೆಯದೇ. ಆದರೆ ಒಂದು ವರ್ಷಕ್ಕೆ ಮುಗಿಯುವ ಸಾಲವೇ ಇದು? 2020ರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯೋದು 2030ರಲ್ಲಿ. ಅಲ್ಲಿಯ ತನಕ ಕೊರೊನಾ ಮುಗಿದಿಲ್ಲ ಅಂತಲೇ ಲೆಕ್ಕ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ನಿಯಮ ಇದೆ. ನಡೆಯುತ್ತಿರುವ ಸಿಸ್ಟಮ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಬೇಕಾದರೂ ರೋಲ್‌ಬ್ಯಾಕ್ ಪ್ಲಾನ್ ಎಲ್ಲಿ ಅಂತ ಮೊದಲು ಕೇಳುತ್ತಾರೆ. ಅಂದರೆ, ಮಾಡಿದ್ದನ್ನ ವಾಪಸ್ ತೆಗೆಯೋದು ಯಾವಾಗ, ಹೇಗೆ, ಯಾರು. ಅದಿಲ್ಲದೆ ಮುಟ್ಟೋ ಹಾಗೇ ಇಲ್ಲ. ನಾಲ್ಕು ಜನ ಬಳಸೋ ಆ್ಯಪಿಗೇ ಇಷ್ಟು ಎಚ್ಚರಿಕೆ ಇರುವಾಗ, ಒಂದು ತಲೆಮಾರಿನ ಮಕ್ಕಳ ಶಾಲೆ ಮುಚ್ಚೋ ಆದೇಶದಲ್ಲಿ ತೆರೆಯೋ ಷರತ್ತು ಬರೆದಿರಬೇಡವೇ? ಇನ್ನೊಂದು ಮಹಾಮಾರಿ ಬರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಈಗ ಎಲ್ಲಾ ತಣ್ಣಗಿರುವಾಗಲೇ ನಾಲ್ಕು ಮಾತು ತೀರ್ಮಾನ ಆಗಲಿ ಅನ್ನೋದು ನನ್ನ ಆಸೆ.

ಒಂದು, ಶಾಲೆ ಮುಚ್ಚೋದು ಎಲ್ಲಕ್ಕಿಂತ ಕೊನೆಗೆ, ತೆರೆಯೋದು ಎಲ್ಲಕ್ಕಿಂತ ಮೊದಲು. ಬಾರ್ ತೆರೆದಿರುವ ಊರಲ್ಲಿ ಶಾಲೆ ಮುಚ್ಚಿರಬಾರದು.

ಎರಡು, ಬೆಂಗಳೂರಿಗೂ ಚಿಕ್ಕನಾಯಕನಹಳ್ಳಿಯ ಒಂದು ಹಟ್ಟಿಗೂ ಒಂದೇ ಆದೇಶ ಬೇಡ. ಹದಿನೈದು ಇಪ್ಪತ್ತು ಮಕ್ಕಳ ಶಾಲೆ, ಅದೇ ಬೀದಿಯಲ್ಲಿ ದಿನವಿಡೀ ಒಟ್ಟಿಗೆ ಆಡುವ ಮಕ್ಕಳು. ಅಂಥ ಶಾಲೆಯ ತೀರ್ಮಾನ ಪಂಚಾಯ್ತಿ ಮಟ್ಟದಲ್ಲಿ, ಆರೋಗ್ಯ ಇಲಾಖೆಯವರ ಮಾತು ಕೇಳಿ ಆಗಲಿ.

ಮೂರು, ಪಾಠ ನಿಂತರೂ ಅಡುಗೆಮನೆ ನಿಲ್ಲಬಾರದು. ಆಗ ಅಕ್ಕಿ, ಬೇಳೆ ಮನೆಗೆ ಕೊಟ್ಟರು, ಇಲ್ಲ ಅನ್ನಲ್ಲ. ಆದರೆ ಹಸಿದ ಎಂಟು ಜನರ ಮನೆಗೆ ಹೋದ ಅಕ್ಕಿ ಆ ಮಗುವಿನ ಅಕ್ಕಿಯಾಗಿ ಉಳಿಯಲ್ಲ. ತಟ್ಟೆಗೆ ಬಿದ್ದ ಬಿಸಿಯೂಟ ಮಾತ್ರ ಮಗುವಿನದು.

ನಾಲ್ಕು, ಪರಿಹಾರ. 2020ರ ಮೇನಲ್ಲಿ ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಯ ಶಿಕ್ಷಕರಿಗೂ 5,000. ಸಂತೋಷ. ಆದರೆ ಕೊಬ್ಬರಿ ಸುಲಿಯುವ ಹೆಂಗಸು ಯಾವ ಪಟ್ಟಿಯಲ್ಲಿ ಬರ್ತಾಳೆ? ಲೈಸೆನ್ಸ್ ಇಲ್ಲ, ಬ್ಯಾಡ್ಜ್ ಇಲ್ಲ, ಸಂಬಳದ ಚೀಟಿ ಇಲ್ಲ. ಶಾಲೆ ಮುಚ್ಚಿದರೆ ಕೂಲಿ ತಪ್ಪೋದು ಮೊದಲು ಅವಳಿಗೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇದೆಯಲ್ಲ, ಅದೇ ಸಾಕು. ಶಾಲೆ ಮುಚ್ಚಿದಷ್ಟು ದಿನ ಆ ತಾಯಿಯ ಖಾತೆಗೆ ದುಡ್ಡು ಹೋಗಲಿ. ಹಾಗೆ ಮಾಡಿ ನೋಡಿ, ಮುಚ್ಚೋ ಆದೇಶ ಎಷ್ಟು ಬೇಗ ವಾಪಸ್ ಬರುತ್ತೆ ಅಂತ! ಮುಚ್ಚೋದಕ್ಕೆ ಖರ್ಚೇ ಇಲ್ಲ ಅಂದುಕೊಂಡಿದ್ದಕ್ಕೇ ಅದು ಹತ್ತೊಂಬತ್ತು ತಿಂಗಳು ಎಳೆದದ್ದು. ಖರ್ಚು ಇತ್ತು, ಬೇರೆಯವರು ಕಟ್ಟುತ್ತಿದ್ದರು ಅಷ್ಟೇ.

ಇದೆಲ್ಲ ಆಗೋ ಮಾತಾ ಅಂತ ನಗಬೇಡಿ. 2020ಕ್ಕೆ ಮುಂಚೆ ಇಡೀ ದೇಶವನ್ನ ನಾಲ್ಕು ಗಂಟೆಯ ನೋಟಿಸಿನಲ್ಲಿ ನಿಲ್ಲಿಸೋದು ಆಗೋ ಮಾತು ಅಂತಲೂ ಯಾರೂ ನಂಬಿರಲಿಲ್ಲ. ಮುಚ್ಚೋದರಲ್ಲಿ ನಾವು ಎಷ್ಟು ಚುರುಕು ಅಂತ ತೋರಿಸಿಯಾಯ್ತು. ತೆರೆಯೋದರಲ್ಲೂ ಅಷ್ಟೇ ಚುರುಕಾಗಿರೋದು ಯಾವಾಗ? ನೀವೇನಂತೀರಿ?