ಸರಕಿನ ನಿಜನಾಮ
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಗಾದೆ. ಆದರೆ ಆಮದು ಸರಕಿನ ವಿವರವು ಸುಂಕದ ಲೆಕ್ಕ ಮಾತ್ರವಲ್ಲ, ಗೋದಿಯ ಕೂಲಿಕಾರನ ಪ್ರಾಣದ ಪ್ರಶ್ನೆಯೂ ಹೌದು.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು ನೂರಾರು ಜನ ಮಡಿದರು. ಅಪಾಯಸೂಚಕ ಕೆಂಪು ಬಾವುಟವನ್ನು ಅದು ಹಾರಿಸಿರಲಿಲ್ಲ. ಸರಕುಪಟ್ಟಿಯೂ ಅಂಥದೊಂದು ಬಾವುಟವೇ.

1962ರ ಸುಂಕ ಕಾಯಿದೆಯಂತೆ ಹಡಗು ಬಂದರು ಮುಟ್ಟುವ ಮುನ್ನವೇ ಅದು ಅಧಿಕಾರಿಗಳಿಗೆ ಸಲ್ಲತಕ್ಕದ್ದು. ಬಿಲ್ ಆಫ್ ಎಂಟ್ರಿಯ ವಿವರಗಳು ಸತ್ಯವೆಂದು ಆಮದುದಾರನು ಘೋಷಿಸತಕ್ಕದ್ದು. ‘ರಾಸಾಯನಿಕ ವಸ್ತು’ ಎಂದಷ್ಟೇ ಬರೆದು ಮುಗಿಸೆಂದು ಧಣಿ ಅವಸರಪಡಿಸಿದರೂ, ನಮ್ಮ ಗುಮಾಸ್ತ ಬಂಧುಗಳು ಸರಕಿನ ನಿಜನಾಮ, ತೂಕ, ಅಪಾಯದ ವರ್ಗಗಳನ್ನು ಕೇಳಿಯೇ ಬರೆಯಲಿ. ಹಾಗೆ ಕೇಳಿದವನ ಅನ್ನಕ್ಕೆ ಧಣಿಗಳು ಸಂಚಕಾರ ತರಬಾರದೆಂದು ನಾವು ಒತ್ತಾಯಿಸುತ್ತೇವೆ.